ಒಂದು ಗೆರೆ ಹೆಚ್ಚು

ಮೊದಲ ದಿನ ಇನಾಸ್ ಮೇಸ್ತ್ರಿ
ಗಾಜು ಮುಟ್ಟಲು ಬಿಡಲಿಲ್ಲ. ಕೈ ತೋರಿಸು ಅಂದರು.
ಬೈತಖೋಲ ಬಂದರಿನಲ್ಲಿ ಆಯಿಯ ಪಕ್ಕ ಕೂತು
ಇಸವಾಣ ಕೊಯ್ದ ಕೈ,
ಹೆಬ್ಬೆರಳಿಗೆ ಎರಡು ಹಳೇ ಗಾಯ, ಉಗುರಲ್ಲಿ ಹುರುಪೆ.
ತಿರುಗಿಸಿ ಮುರುಗಿಸಿ ನೋಡಿದರು.
"ಹೆದರಿಕೆ ಇಲ್ಲದ ಕೈ. ತೊಂದರೆ ಅದೇ."

ಇಗರ್ಜಿಯ ಹಿಂದಿನ ಶೆಡ್ಡು.
ಮೊದಲು ಅಲ್ಲಿ ಶವಪೆಟ್ಟಿಗೆ ಇಡುತ್ತಿದ್ದರಂತೆ.
ಈಗ ಮೇಜಿನ ಮೇಲೆ ಒಂದು ಕಿಟಕಿ ಮಲಗಿತ್ತು,
ನೂರಾ ಹದಿನೇಳು ಚೂರು,
ಒಂದೊಂದಕ್ಕೂ ಸೀಮೆಸುಣ್ಣದ ನಂಬರು.
ಬಲೆ ಎಳೆಯುವ ಪೇತ್ರ.
ಯಾವತ್ತೂ ಬಲೆ ಎಳೆಯದವನು ಬರೆದ ಚಿತ್ರ:
ಹಗ್ಗ ಹಿಡಿದ ರೀತಿಗೆ ಅಂಗೈ ಸುಲಿದುಹೋಗಬೇಕು.
ಮೀನೂ ನಮ್ಮವಲ್ಲ, ಯಾವುದೋ ತಣ್ಣನೆ ನೀರಿನವು.
ಹೇಳಿದೆ. ಮೇಸ್ತ್ರಿ ನಕ್ಕರು, ಮೂರು ಹಲ್ಲು ಕಂಡವು.
"ಸರಿಮಾಡೋದು ನಮ್ಮ ಕೆಲಸ ಅಲ್ಲ ಬಾಯ್.
ಇದ್ದ ಹಾಗೆ ನಿಲ್ಲಿಸೋದು."

ನಾಲ್ಕು ತಿಂಗಳು ಸೋಡಾ ಬಾಟಲಿ,
ಮುರಿದ ಲಾಟೀನು, ಬಸ್ಸಿನ ಕಿಟಕಿ.
ಕಟರಿನ ಚಕ್ರ ಸೀಮೆಎಣ್ಣೆಗೆ ಅದ್ದು. ಒಂದೇ ಸಲ ಎಳೆ.
ಹಿಂದಕ್ಕೆ ಹೋಗಬೇಡ,
ಎರಡನೇ ಗೀರು ಮೊದಲನೆಯದನ್ನು ಕೊಲ್ಲುತ್ತದೆ.
ಕೇಳು:
ಕಾದ ಎಣ್ಣೆಗೆ ತಾರ್ಲೆ ಬಿದ್ದ ಸದ್ದು ಬಂದರೆ ತಪ್ಪು,
ಮರಳ ಮೇಲೆ ಏಡಿ ಓಡಿದ ಸದ್ದು ಬರಬೇಕು.
ಸೀಸ ಮುಟ್ಟಿದ ಕೈಯಲ್ಲಿ ಅನ್ನ ಮುಟ್ಟಬೇಡ,
ಮೂರು ಸಲ ತೊಳೆ, ಉಗುರೂ.
ಮನೆಯಲ್ಲಿ ಆಯಿಗೆ ಅಚ್ಚರಿ, ಮೂಸಿ ನೋಡಿದಳು:
ಮೀನಿನ ಮಗಳ ಕೈಯಲ್ಲಿ ಬರೀ ಸಾಬೂನು.

ಕಮಿಟಿಯವರು ಬಂದರು.
ಗೋವಾದಲ್ಲಿ ಸ್ಟಿಕ್ಕರು ಸಿಗುತ್ತದೆ, ಚದರ ಅಡಿಗೆ ಇಷ್ಟು,
ಥೇಟ್ ಹೀಗೇ ಕಾಣುತ್ತದೆ. ಹಳೆಯದನ್ನು
ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕೋಣ, ಭದ್ರ.
ಮೇಸ್ತ್ರಿ ಸೀಸದ ಪಟ್ಟಿ ಎಳೆದು ನೇರ ಮಾಡುತ್ತಿದ್ದರು.
ತಲೆ ಎತ್ತದೆ ಅಂದರು,
"ಪೆಟ್ಟಿಗೆಯಲ್ಲಿರೋದು ಗಾಜಲ್ಲ, ಭಾರ."

ಪೇತ್ರನ ನಿಲುವಂಗಿಗೆ ಒಂದು ಚೂರು ಕೆಂಪು ಬೇಕಿತ್ತು.
ಅವರ ಉಸ್ತಾದನ ಕಾಲದ ಒಂದೇ ಹಾಳೆ ಉಳಿದಿತ್ತು,
ಒಂದೂವರೆ ಗೇಣು, ಗೋಣಿಯೊಳಗೆ, ಹುಲ್ಲಿನೊಳಗೆ.
ಬೆಳಕಿಗೆ ಹಿಡಿದರೆ
ಶೆಡ್ಡಿನ ಗೋಡೆಗೆ ಕೋಕಂ ಚೆಲ್ಲಿದ ಹಾಗೆ.
"ನಾನು ಕೊಯ್ದರೆ ಈ ಕಿಟಕಿ ಉಳಿಯುತ್ತದೆ," ಅಂದರು.
"ನೀನು ಕೊಯ್ದರೆ..."
ಮುಗಿಸಲಿಲ್ಲ. ಕಟರು ನನ್ನ ಕಡೆ ತಳ್ಳಿದರು.

ಏಡಿ ಅರ್ಧ ದಾರಿ ಓಡಿತು.
ಆಮೇಲೆ ಗೀರು ತನಗೆ ಬೇಕಾದ ಕಡೆ ಹೋಯಿತು.
ಹೆದ್ದಾರಿಯಲ್ಲಿ ಲಾರಿ ಹೋಯಿತು, ಮೇಜು ನಡುಗಿತು
ಅಂತ ಹೇಳಬಹುದಿತ್ತು.
ಯಾವ ಲಾರಿಯೂ ಹೋಗಿರಲಿಲ್ಲ.

ಬೈಯಲಿಲ್ಲ. ಚಹಾ ತರಿಸಿದರು.
ಚಹಾ ಮುಗಿದ ಮೇಲೆ ಎರಡೂ ತುಂಡು ಎದುರುಬದುರು ಇಟ್ಟು
ನಡುವೆ ತೆಳ್ಳಗಿನ ಸೀಸ ಕೂರಿಸಿ
ಬೆಸುಗೆ ನನ್ನ ಕೈಯಿಂದಲೇ ಹಾಕಿಸಿದರು.
ಬರೆದವನು ಬರೆಯದ ಗೆರೆ.
ಮೊಣಕಾಲಿನಿಂದ ಓರೆಯಾಗಿ ಇಳಿಯುತ್ತದೆ.

ಇನಾಸ್ ಮೇಸ್ತ್ರಿ ಈಗ ಮಾಪ್ಸಾದಲ್ಲಿ, ತಂಗಿಯ ಮಗಳ ಮನೆ.
ಫೋನು ಮಾಡಿದರೆ ನನ್ನ ಆರೋಗ್ಯ ಕೇಳುವುದಿಲ್ಲ,
ಪಡುವಣ ಗಾಳಿಗೆ ಪುಟ್ಟಿ ಬಿಟ್ಟಿದೆಯಾ ಅಂತ ಕೇಳುತ್ತಾರೆ.
ಭಾನುವಾರ ಶೆಡ್ಡಿಗೆ ಐದು ಮಕ್ಕಳು,
ಒಮ್ಮೊಮ್ಮೆ ಎರಡೇ.
ಒಡೆದ ಬಳೆ ತರುತ್ತಾರೆ, ಔಷಧದ ಶೀಶೆ ತರುತ್ತಾರೆ.
ಮೊದಲು ಕಿಟಕಿಯ ಕೆಳಗೆ ನಿಲ್ಲಿಸುತ್ತೇನೆ:
ಇದರಲ್ಲಿ ಒಂದು ಗೆರೆ ಹೆಚ್ಚು, ಹುಡುಕಿ.
ಐರಿಸ್ ಬಲೆಯಲ್ಲಿ ಹುಡುಕುತ್ತಾಳೆ. ಗಣಪು ಆಕಾಶದಲ್ಲಿ.
ಸಿಕ್ಕವರು ಇನ್ನೂ ಯಾರೂ ಇಲ್ಲ.
ನಾನೂ ಹೇಳಿಕೊಟ್ಟಿಲ್ಲ.

ನಾಲ್ಕೂವರೆಗೆ ಬಿಸಿಲು ಸಮುದ್ರದ ಕಡೆಯಿಂದ ಬಂತು,
ನೆಲದ ಮೇಲೆ ಕೆಂಪು ಎರಡು ತುಂಡಾಗಿ ಬಿತ್ತು.
ಸಬೀನಾ ಅದರೊಳಗೆ ಅಂಗೈ ಇಟ್ಟು,
ಮಗುಚಿ, ಮತ್ತೆ ಮಗುಚಿ ನೋಡಿ,
ಕೇಳಿದಳು:
ಅಕ್ಕಾ, ಇದನ್ನೂ ಮೂರು ಸಲ ತೊಳೀಬೇಕಾ?