ಮೂರನೆಯ ಮುಖ

ಬೈತಖೋಲ ಬಂದರಿನ ಐಸ್ ಪ್ಲಾಂಟಿನಲ್ಲಿ
ರಾತ್ರಿಪಾಳಿ ನನ್ನದು. ಎಷ್ಟು ಗಡ್ಡೆ ಹೋಯಿತು,
ಯಾವ ಬೋಟಿಗೆ, ಅಷ್ಟೇ ಬರೆಯುವುದು.
ಗಡ್ಡೆ ಪುಡಿಮಾಡುವ ಯಂತ್ರ ಶುರುವಾದರೆ
ನನ್ನ ತೇರ್ಸದ ಜಪ ನನಗೇ ಕೇಳುವುದಿಲ್ಲ.
ಉಮಾಕಾಂತ ದುರ್ಗೇಕರನ ಕೂಗೂ ಕೇಳಲಿಲ್ಲ.

ಕಂಡಿತು.

ಹಿಂದೆ ಸರಿಯುತ್ತಿದ್ದ ಮೀನಿನ ಲಾರಿಯ ಕೆಂಪು ದೀಪದಲ್ಲಿ
ಡೀಸೆಲ್ ಲೆಕ್ಕದ ನೀಲಿ ಪುಸ್ತಕ ಎದೆಗವಚಿ ಕೂತ ಅವನು,
ಕೊಕ್ಕೆ ಎತ್ತಿದವನು, ಕಾಲು ಅದುಮಿ ಹಿಡಿದವನು.
ಮತ್ತೊಬ್ಬ, ಬಾಗಿಲು ಕಾಯುತ್ತ,
ಅಂಗಿಯ ತೋಳು ಕಚ್ಚಿಕೊಂಡು ಅಳುತ್ತಿದ್ದ ಹುಡುಗ.

ಬೆಳಗಾಗುವಷ್ಟರಲ್ಲಿ ಕೆಂಪಾದ ಐಸೆಲ್ಲ
ಚರಂಡಿಯಿಂದ ಸಮುದ್ರಕ್ಕೆ ಇಳಿದಿತ್ತು.
ಪೊಲೀಸರು ಬಂದಾಗ ನೆಲ ಒದ್ದೆ, ಅಷ್ಟೆ.
ಕರಗದೆ ಉಳಿದದ್ದು ನಾನೊಬ್ಬಳು,
ಪಿಯೇದಾದ್ ಫರ್ನಾಂಡಿಸ್, ವಯಸ್ಸು ಇಪ್ಪತ್ತೊಂಬತ್ತು.

"ಮೂವರಿದ್ದರು" ಎಂದೆ. "ಇಬ್ಬರನ್ನು ಗುರುತಿಸಬಲ್ಲೆ.
ಮೂರನೆಯವನು ಕತ್ತಲಲ್ಲಿದ್ದ."
ಸುಳ್ಳು ಇಷ್ಟು ಚಿಕ್ಕದಿರುತ್ತದೆಂದು ಗೊತ್ತಿರಲಿಲ್ಲ.
ತಾರ್ಲೆ ಮೀನಿನ ಮುಳ್ಳಿನಷ್ಟು.
ನುಂಗಿದ ಮೇಲೇ ಚುಚ್ಚಿತು.

ಕಾಳಿಯ ಆಚೆ, ಸದಾಶಿವಗಡದಲ್ಲಿ
ಸಿಸ್ಟರುಗಳ ಮನೆಯಲ್ಲಿ ನನ್ನನ್ನಿಟ್ಟರು.
ಕಾವಲಿಗೆ ಅಂಕೋಲೆ ಕಡೆಯ ಹಮ್ಮಣ್ಣ ನಾಯಕ, ಕಾನ್‌ಸ್ಟೆಬಲ್.
ನಾನು ಚಾಪೆಲ್ಲಿನೊಳಗೆ ಹೋದರೆ ಹೊರಗೇ ನಿಲ್ಲುತ್ತಿದ್ದ,
ಬಿಸಿಲು ಸರಿದಂತೆಲ್ಲ ನನ್ನ ಚಪ್ಪಲಿಯನ್ನು
ನೆರಳಿಗೆ ಸರಿಸುತ್ತ.
ಒಳಗೆ ಬನ್ನಿ ಅಂದರೆ ನಗುತ್ತಿದ್ದ:
"ನಮ್ಮ ದೇವರು ಸಿಟ್ಟಾಗೂದಿಲ್ಲ. ನಿಮ್ಮವನದು ಗೊತ್ತಿಲ್ಲ."

ಎರಡು ಸಲ ಫೋನು ಬಂತು, ಬರೀ ಉಸಿರು.
ಒಂದು ಸಲ ಗೇಟಿಗೆ ಐಸ್ ಕೊಕ್ಕೆ ತೂಗುಹಾಕಿ ಹೋಗಿದ್ದರು,
ತೊಳೆದು, ಎಣ್ಣೆ ಹಚ್ಚಿ.
ಆ ರಾತ್ರಿ ಅವನು ಲಾಠಿ ಅಡ್ಡ ಇಟ್ಟುಕೊಂಡು
ಮೆಟ್ಟಿಲ ಮೇಲೇ ಕೂತ. ಒಳಗೆ ನಾನು ಮಣಿ ಎಣಿಸಿದೆ.
ಎಷ್ಟನೆಯ ಮಣಿಗೆ ಯಾರ ಹೆಸರು ಬಂದು ಸೇರಿತೆಂದು
ಮಾತೆಗೆ ಗೊತ್ತು. ನಾನು ಹೇಳಬೇಕಾಗಿಲ್ಲ.

ಮಾವಿನ ಕಾಲಕ್ಕೆ ಊರಿಂದ ಕರಿ ಈಶಾಡು ತಂದ.
ಕೈ ಒರೆಸಲು ವಸ್ತ್ರ ಎಳೆದಾಗ ಪಾಕೀಟು ಬಿದ್ದು
ತೆರೆದುಕೊಂಡಿತು. ಫೋಟೋದಲ್ಲಿ ಅವನ ಅವ್ವಿ,
ಅವನು, ಪಕ್ಕದಲ್ಲಿ ತಮ್ಮ.
ತೋಳು ಉದ್ದದ ಅಂಗಿ ತೊಟ್ಟ ತಮ್ಮ.
ಹಣ್ಣಿನ ರಸ ಮೊಣಕೈವರೆಗೆ ಇಳಿಯಿತು.
ಒರೆಸಿಕೊಳ್ಳಲಿಲ್ಲ ನಾನು.

"ಮೊದಲು ಕನಿಕರಕ್ಕೆ ಮುಚ್ಚಿಟ್ಟೆ, ಫಾದರ್.
ಈಗ ಪ್ರೀತಿಗೆ."
ನಿವೇದನೆಯ ಜಾಲರಿಯಾಚೆ ಬಹಳ ಹೊತ್ತು ಕೆಮ್ಮಿದರು.
"ದುರ್ಗೇಕರನ ಹೆಂಡತಿ ಶುಕ್ರವಾರ ಶುಕ್ರವಾರ ಬಂದು
ಇಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. ನಮ್ಮವಳಲ್ಲ" ಎಂದರು.
ಅಷ್ಟೇ. ಪ್ರಾಯಶ್ಚಿತ್ತವನ್ನೂ ಹೇಳಲಿಲ್ಲ.

ವಿಚಾರಣೆಯ ಹಿಂದಿನ ರಾತ್ರಿ ಕರೆಂಟು ಹೋಗಿತ್ತು.
ಬಾಗಿಲಾಚೆಯಿಂದಲೇ ಮಾತಾಡಿದ:
"ತಮ್ಮ ಮೀನು ಬಿಟ್ಟು ಏಳು ತಿಂಗಳಾಯ್ತು. ನಿದ್ದೆಯೂ ಇಲ್ಲ.
ಆ ಹೆಂಗಸು ನನ್ನ ಮುಖ ಕಂಡಿದ್ಲಾ ಅಂತ
ನಿನ್ನೆ ಕೇಳ್ದ."
ಚಿಲಕದ ಮೇಲಿತ್ತು ನನ್ನ ಕೈ.
ತೆಗೆಯಲೋ, ಇನ್ನೊಂದು ಹಾಕಲೋ.
ಲಾಠಿ ನೆಲಕ್ಕೆ ತಾಗಿದ ಸದ್ದು. ಉಸಿರು.
ಫೋನಿನಲ್ಲಿ ಕೇಳಿದ ಉಸಿರೇ?
ಏಳು ತಿಂಗಳಲ್ಲಿ ಮೊದಲ ಸಲ ಅವನಿಗೆ ಹೆದರಿದೆ.
"ಕಂಡಿದ್ರೆ," ಎಂದ, "ಹೇಳಿಬಿಡಿ.
ಅವನಿಗೂ ಅದನ್ನೇ ಹೇಳಿ ಬಂದೆ."

ಕಾರವಾರದ ಕೋರ್ಟಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು.
ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು,
ಯಾವ ದೇವರೆಂದು ಕೇಳಲಿಲ್ಲ.
ಇಬ್ಬರಿಗೆ ಬೆರಳು ತೋರಿಸಿದೆ.
"ಮೂರನೆಯವನು?" ವಕೀಲರು ಕಾಗದ ಮಗುಚುತ್ತಲೇ ಕೇಳಿದರು,
ಉತ್ತರ ಗೊತ್ತಿದ್ದವರ ಹಾಗೆ.
ಹಿಂದಿನ ಬೆಂಚಿನಲ್ಲಿ ಉದ್ದ ತೋಳಿನ ಹುಡುಗ
ಆಗಲೇ ಎದ್ದು ನಿಂತಿದ್ದ.
ಬಾಗಿಲಲ್ಲಿ ಹಮ್ಮಣ್ಣ, ಟೋಪಿ ಕಂಕುಳಲ್ಲಿ,
ನನ್ನನ್ನಾಗಲಿ ಅವನನ್ನಾಗಲಿ ನೋಡದೆ
ನೆಲ ನೋಡುತ್ತಿದ್ದ, ಅಲ್ಲಿ ಯಾರದೋ ಚಪ್ಪಲಿ
ಬಿಸಿಲಿಗೆ ಬಿದ್ದಿರುವ ಹಾಗೆ.

"ಕತ್ತಲಿರಲಿಲ್ಲ" ಎಂದೆ.
ನನ್ನ ದನಿ ನನಗೆ ಕೇಳಿಸಿತು.