ಪಾಪ ಸಂಗೀತ

ಗ್ಯಾಸ್ ಬುಕ್ ಮಾಡಲು ಫೋನು ಮಾಡಿದರೆ
ಅತ್ತ ಕಡೆಯ ಹುಡುಗಿ "ಹೇಳಿ ಸರ್" ಅನ್ನುತ್ತಾಳೆ.
ಮೊದಮೊದಲು ತಿದ್ದುತ್ತಿದ್ದೆ,
ಹೆಸರಿನ ಕೊನೆಯ ಅಮ್ಮನನ್ನು ಒತ್ತಿ:
ದೇವೀರಮ್ಮ.
"ಅದು ಕಾರ್ಡಿನಲ್ಲಿರೋ ಹೆಸರು ಸರ್, ನೀವು ಯಾರು?"

ನಾನು ಯಾರು?
ಸಿಲಿಂಡರಿಗೆ ಕಾಯುತ್ತ ಉತ್ತರಿಸುವ ಪ್ರಶ್ನೆಯೇ ಇದು?

ಉಪ್ಪಳ್ಳಿಯ ಶಾಲೆ, ಆರನೇ ಕ್ಲಾಸು.
ಆಗಸ್ಟ್ ಹದಿನೈದಕ್ಕೆ ಸಾಲಾಗಿ ನಿಲ್ಲಿಸಿದ ಗ್ರೇಸಿ ಟೀಚರ್
ನನ್ನ ಕಿವಿಯ ಹತ್ತಿರ ಬಗ್ಗಿ
"ನೀನು ಬರೀ ಬಾಯಿ ಆಡಿಸು ಪುಟ್ಟಿ" ಅಂದರು.
ಪ್ರೀತಿಯಿಂದಲೇ ಅಂದರು. ಪೆಪ್ಪರಮೆಂಟೂ ಕೊಟ್ಟರು.
ಹತ್ತು ವರ್ಷ ಬಾಯಿ ಆಡಿಸಿದೆ,
ಸೋಬಾನೆಗೆ, ಭಜನೆಗೆ,
ಬೈಯಬೇಕಾದ ಕಡೆಯಲ್ಲೂ.

ಈಗ ಹಿಟ್ಟಿನ ಗಿರಣಿಯ ಮೇಲಿನ ಅಟ್ಟ ನನ್ನ ಸ್ಟುಡಿಯೋ.
ಗೋಡೆಗೆ ಗೋಣಿಚೀಲ, ಹಳೇ ಹಾಸಿಗೆ,
ಒಂದು ಮೈಕು, ಕಂತಿನಲ್ಲಿ ತಂದ ಲ್ಯಾಪ್‌ಟಾಪು.
ಕೆಳಗೆ ಕಲ್ಲೇಶಣ್ಣ ಕಲ್ಲು ತಿರುಗಿಸುತ್ತಾನೆ.
ರಾಗಿಗೊಂದು ದನಿ, ಗೋಧಿಗೆ ಇನ್ನೊಂದು;
ಒಣಮೆಣಸಿನಕಾಯಿಯ ದಿನ ಹಾಡುವಂತಿಲ್ಲ,
ಬೀದಿಯೇ ಸೀನುತ್ತದೆ, ನಾನೂ, ತಾಳ ತಪ್ಪಿ.

ನನ್ನ ಮೊದಲ ಹಾಡಿನಲ್ಲಿ ನನ್ನ ದನಿಯಿಲ್ಲ.
ಇದೆ, ಆದರೆ ಐದು ಮನೆ ಮೇಲಕ್ಕೆ ಎತ್ತಿದ್ದೆ,
ಪರದೆಯ ಮೇಲೆ ಬೆರಳಲ್ಲಿ ಎಳೆದು,
ತೆಳ್ಳಗೆ, ಸಕ್ಕರೆ ಪಾಕದ ಎಳೆಯ ಹಾಗೆ.
ಗುರುತಿನವರೆಲ್ಲ ಚೆಂದ ಅಂದರು.
ಅವ್ವ ಮಾತ್ರ ಪೂರ್ತಿ ಕೇಳಿ
"ಯಾರಿದು?" ಅಂದಳು.

ಅಜ್ಜಿಯ ಪ್ರಶ್ನೆ ಬೇರೆ:
"ಪಾಪ್ ಅಂತೀಯಲ್ಲ, ಪಾಪದ ಪದವಾ? ಯಾರ ಪಾಪ ಮಗಾ?"
ಇಲ್ಲಜ್ಜೀ, ಎಲ್ಲರಿಗೂ ಬರುವ ಹಾಡು. ಮೂರೇ ನಿಮಿಷ.
ಕಡೂರಿನ ಬಸ್ಸು ಹತ್ತುವಾಗ ಕಿವಿಗೆ ಬಿದ್ದರೆ
ಸಖರಾಯಪಟ್ಟಣದಲ್ಲಿ ಬಾಯಿಗೆ ಬಂದಿರಬೇಕು.
"ಹಂಗಾರೆ ರಾಗಿ ಬೀಸೋ ಪದ ಅನ್ನು,
ಅದಕ್ಯಾಕೆ ಪಾಪ ಕಟ್ಟಿಕೊಳ್ತೀ?"

ಯಾರಾದರೂ ಸಂಗೀತ ಬಲ್ಲವರು ಸಿಕ್ಕರೆ
"ಏನೋ ಸಣ್ಣ ಪ್ರಯೋಗ" ಅನ್ನುತ್ತಿದ್ದೆ.
ಪ್ರಯೋಗವೂ ಅಲ್ಲ, ಮಣ್ಣೂ ಅಲ್ಲ.
ನಾಲ್ಕು ಕಾರ್ಡು, ಒಂದು ಪಲ್ಲವಿ,
ಕಾಲು ಸುಮ್ಮನಿರಲು ಬಿಡದ ಒಂದು ಡ್ರಮ್ಮು.
ನನಗದು ಇಷ್ಟ.
ಇಷ್ಟು ಹೇಳಲು ಮೂವತ್ತೊಂದು ವರ್ಷ ಹಿಡಿಯಿತು.

ಕಳೆದ ಗುರುವಾರ ಹೋದ ಕರೆಂಟು ಬಂದಾಗ
ರೆಕಾರ್ಡಿಂಗ್ ನಡೆದೇ ಇತ್ತು, ಗಿರಣಿ ಶುರುವಾಯಿತು.
ಗುಂಯ್ಯೆನ್ನುವುದು ನೆಲದಿಂದ ಅಂಗಾಲಿಗೆ,
ಅಂಗಾಲಿನಿಂದ ಎದೆಗೆ ಏರಿತು;
ನೋಡಿದರೆ ನನ್ನ ದನಿ ಆಗಲೇ ಅಲ್ಲಿ ಕೂತಿದೆ,
ಅದೇ ಮನೆಯಲ್ಲಿ, ಚಪ್ಪಲಿ ಬಿಚ್ಚಿಟ್ಟು.

ಎಳೆಯಲಿಲ್ಲ.
ಸದ್ದು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದೆ.
ಹಾಡಿನ ಬೆನ್ನಿಗೆ ಈಗಲೂ ಕೇಳುತ್ತದೆ
ಯಾರ ಮನೆಯದೋ ಎರಡು ಸೇರು ರಾಗಿ
ಹಿಟ್ಟಾಗುತ್ತಿರುವುದು.

ಗ್ರೇಸಿ ಟೀಚರಿಗೆ ಕಳಿಸೋಣ ಅಂದುಕೊಂಡೆ. ಕಳಿಸಲಿಲ್ಲ.
ಕೆಲವು ಬೆಳಿಗ್ಗೆ ಈಗಲೂ, ಹಲ್ಲುಜ್ಜುವ ಮೊದಲು,
ಸುಮ್ಮನೆ ಒಂದು "ಆ" ಎಂದು ನೋಡುತ್ತೇನೆ,
ರಾತ್ರಿಯಲ್ಲೇನಾದರೂ ತೆಳುವಾಯಿತೇ ಎಂದು.

ನಿನ್ನೆ ಸಿಲಿಂಡರು ಬಂತು.
ಮೆಟ್ಟಿಲ ಕೆಳಗಿಂದ ಹುಡುಗ ಕೂಗಿದ: "ಸಾರ್ ಇದಾರಾ?"
"ಇದೀನಪ್ಪಾ" ಅಂದೆ,
ತಲೆಯ ತುಂಬ ಹಿಟ್ಟು, ಇಳಿದು ಬಂದೆ.
ಅವನು ನನ್ನನ್ನು ನೋಡಿದ, ಚೀಟಿ ನೋಡಿದ,
ನನ್ನ ಹಿಂದೆ ಇನ್ನೂ ಯಾರೋ ಇಳಿದು ಬರುತ್ತಾರೆಂದು
ಮೆಟ್ಟಿಲನ್ನೇ ನೋಡುತ್ತ ನಿಂತ,
ಪಾಪ.