ನಲವತ್ತೊಂದು ನಿಮಿಷ

ನಮ್ಮ ಬೆಂಗ್ರೆಯಲ್ಲಿ ಬಲೆ ಖಾಲಿ ಬಂದರೆ
ಆ ರಾತ್ರಿ ಗಂಜಿಗೆ ಉಪ್ಪು ಕೂಡ ಯಾರೂ ಕೇಳುವುದಿಲ್ಲ.
ಬಲೆ ಖಾಲಿ ಇರಲಿ ಎಂದು ಬೇಡಿಕೊಂಡವನು
ಇಡೀ ಊರಲ್ಲಿ ನಾನೊಬ್ಬನೇ.

ಹೊಳೆಯ ಕಡೆ ಎರಡು ಮುರಿದ ಹುಟ್ಟು ನೆಟ್ಟು
ನಡುವೆ ಟ್ರಾಲ್‌ಬೋಟಿನವರು ಬಿಸಾಡಿದ ಬಲೆ ಕಟ್ಟಿ
ಎಂಟು ವರ್ಷಕ್ಕೆ ನನ್ನನ್ನು ಮರಳಲ್ಲಿ ನಿಲ್ಲಿಸಿದರು,
ಓಡಲು ಬಾರದವನೆಂದು.
ತಪ್ಪಿದ ಚೆಂಡು ಬಲೆಯ ತೂತಲ್ಲಿ ನುಸುಳಿ ನೀರಿಗೆ;
ಈಜಿ ತರಬೇಕಾದ್ದು ಗೋಲಿಯೇ.
ಹಾಗೆ ಕಲಿತೆ ತಡೆಯುವುದನ್ನು,
ಬಟ್ಟೆ ಒದ್ದೆಯಾಗದಿರಲಿ ಅಂತ.

ಕೇರಳದ ಸೆವೆನ್ಸ್‌ಗೆ ರಾತ್ರಿಗಿಷ್ಟು ಎಂದು ಬಾಡಿಗೆಗೆ ನಿಂತೆ,
ಫ್ಲಡ್‌ಲೈಟಿನ ಹುಳಗಳನ್ನು ಉಗುಳುತ್ತ.
ಆಮೇಲೆ ಗೋವೆಯ ಕ್ಲಬ್ಬೊಂದು ಕಾಗದಕ್ಕೆ ಸಹಿ ಹಾಕಿಸಿತು:
ಒಂಬತ್ತು ವರ್ಷ, ಎರಡನೇ ಗೋಲಿ.

ಎರಡನೇ ಗೋಲಿ ಅಂದರೆ ಏನು ಅಂತ
ಲಾಂಚಿನ ಪೊಡಿಯಾಕ ಪ್ರತಿ ರಜೆಗೂ ಕೇಳುತ್ತಿದ್ದರು.
ಮನೆಯಲ್ಲಿ ಇನ್ನೊಂದು ಗ್ಯಾಸ್ ಸಿಲಿಂಡರ್ ಇರುತ್ತದಲ್ಲ
ಮಾರಾಯರೆ, ಅದು.

ನೆಲ್ಸನ್ ಬರೆಟ್ಟೊ ಮೊದಲನೆಯವನು.
ಜ್ವರ ಬಾರದ ಮೈ. ರವಿವಾರದ ಪೂಜೆ ತಪ್ಪಿಸದವನು.
ಆಟಕ್ಕೆ ಮುಂಚೆ ಅವನ ಕೈಗೆ ಇನ್ನೂರು ಚೆಂಡು ಒದೆಯುವುದು ನನ್ನ ಕೆಲಸ,
ಮೆತ್ತಗೆ, ಅವನಿಗೆ ಧೈರ್ಯ ಬರುವ ಹಾಗೆ.
ಆಮೇಲೆ ಟವಲು, ನೀರಿನ ಬಾಟಲಿ, ಬೆಂಚಿನ ತುದಿ.
ಅವನ ಭುಜ ಮುರಿಯಲಿ ಎಂದು ನಾನು ದುಆ ಮಾಡಲಿಲ್ಲ.
ಮುರಿಯದಿರಲಿ ಎಂದೂ ಮಾಡಲಿಲ್ಲ.

ಮಡಗಾಂವಿನ ಮಳೆಯಲ್ಲಿ, ನಲವತ್ತೊಂಬತ್ತನೇ ನಿಮಿಷಕ್ಕೆ, ಅದು ಮುರಿಯಿತು.

ನಾಲ್ಕು ಬಂದವು.
ಒಂದನ್ನು ಉಗುರಿನಿಂದ, ಒಂದನ್ನು ಮೊಣಕಾಲಿನಿಂದ,
ಒಂದನ್ನು ಹೇಗೆಂದು ಇವತ್ತಿಗೂ ಗೊತ್ತಿಲ್ಲ.
ನಾಲ್ಕನೆಯದು ನಮ್ಮವನದೇ ತೊಡೆಗೆ ತಾಗಿ ದಾರಿ ಬದಲಿಸಿತು;
ನಾನು ಆಗಲೇ ಎಡಕ್ಕೆ ಬಿದ್ದಿದ್ದೆ.
ಬಲಕ್ಕೆ ಹೋಗುವುದನ್ನು ನೆಲದಿಂದ ನೋಡಿದೆ,
ತುಂಬ ನಿಧಾನ,
ಓಡಿ ಬಂದವನನ್ನು ಬಿಟ್ಟು ಲಾಂಚು ಧಕ್ಕೆಯಿಂದ ಸರಿಯುವ ಹಾಗೆ.

ಪೇಪರಿನವರು ಇಲ್ಯಾಸನನ್ನು ಎಲಿಯಾಸ್ ಮಾಡಿದ್ದರು.
ಉಮ್ಮನಿಗೆ ಓದಿ ಹೇಳಿದೆ.
'ಯಾರದು? ಅವನಿಗೆ ಎಷ್ಟು ಬಿತ್ತು?'
'ಒಂದು.'
'ಹಾಗಾದರೆ ಆ ಹೆಸರು ಅವನಿಗೇ ಇರಲಿ.'

ಈಗ ಬಂದರಿನ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ.
ಹಲಗೆಯ ಮೇಲೆ ಜಾರಿ ಬರುವ ಗಡ್ಡೆಗಳನ್ನು
ಕೊಕ್ಕೆ ಹಾಕಿ ಹಿಡಿದು ಕ್ರಷರಿನ ಬಾಯಿಗೆ ತಿರುಗಿಸುತ್ತೇನೆ.
ಎಡಗೈಯ ಕಿರುಬೆರಳು ಮಾತ್ರ ಬೇರೆ ದಿಕ್ಕು ನೋಡುತ್ತದೆ,
ಚಳಿ ತಾಗಿದರೆ ಅದಕ್ಕೆ ಮಡಗಾಂವ್ ನೆನಪು.

ಜಾರ್ಖಂಡಿನ ಹುಡುಗ ಸೋಮ್ರಾ ಫೋನು ತೋರಿಸಿದ:
ಎಲ್ಲಿಯದೋ ದೇಶ, ನೆಲವೆಲ್ಲ ಐಸು,
ಮೀನಿಲ್ಲದ ಐಸು, ಅದರ ಮೇಲೆ ಕೋಲು ಹಿಡಿದು ಜಾರುವ ಜನ.
ಬಲೆಯ ಮುಂದೊಬ್ಬ, ಮೈಗೆಲ್ಲ ಹಾಸಿಗೆ ಕಟ್ಟಿಕೊಂಡ ಹಾಗೆ,
ಮುಖಕ್ಕೆ ಪಂಜರ.
'ನೋಡಿ ಉಸ್ತಾದ್, ನಿಮ್ಮ ಜಾತಿಯವ' ಅಂದ.

ನಾನು ನೋಡಿದ್ದು ಅವನನ್ನಲ್ಲ.
ಬೇಲಿಯ ಆಚೆ, ಬೆಂಚಿನ ತುದಿಯಲ್ಲಿ ಇನ್ನೊಬ್ಬ.
ಅದೇ ಹಾಸಿಗೆ, ತಲೆಗೆ ಟೊಪ್ಪಿ, ಕೊರಳಿಗೆ ಟವಲು.
ಆಡುವವರು ಬಂದಾಗ ಸಣ್ಣದೊಂದು ಬಾಗಿಲು ತೆಗೆಯುತ್ತಾನೆ.
ಹೋದ ಮೇಲೆ ಹಾಕುತ್ತಾನೆ.
ಮತ್ತೆ ತೆಗೆಯುತ್ತಾನೆ.
ತುಂಬ ಚೆನ್ನಾಗಿ ತೆಗೆಯುತ್ತಾನೆ, ಗೊತ್ತಾ,
ಯಾರ ಮೊಣಕೈಗೂ ತಾಗದ ಹಾಗೆ.

ಮೂರು ಗಂಟೆ. ಅಳಿವೆ ಬಾಗಿಲ ಕಡೆ ಹೊರಟ ಬೋಟುಗಳು
ಐಸಿಗೆ ಸಾಲು ನಿಂತಿವೆ; ಮೊದಲನೆಯದು ಆಗಲೇ ಹಾರ್ನ್ ಹೊಡೆಯುತ್ತಿದೆ.
ಸೋಮ್ರಾ, ಫೋನು ಒಳಗಿಡು.
ಆ ಕೊಳವೆಯ ಚಿಲಕ
ನನಗೆ ಬಿಡು.